ಗುಡ್ಡೆ ಜರಿದ ಮೇಲೆ ಬೆರಳು ಯಾರ ಕಡೆಗೆ?

ಕಾಸರಗೋಡಿನ ಕನ್ನಡಿಗರು ಒಂದೇ ಸುದ್ದಿಯನ್ನು ಎರಡು ಸಲ ನೋಡುತ್ತಾರೆ. ಟಿವಿಯಲ್ಲಿ ಮಲಯಾಳಂ ಚಾನೆಲ್, ಬೆಳಗ್ಗೆ ಕನ್ನಡ ಪೇಪರ್, ಫೋನಿನಲ್ಲಿ ಎರಡೂ. ಮಾಮೂಲಿ ದಿನಗಳಲ್ಲಿ ಇದರಿಂದ ದೊಡ್ಡ ವ್ಯತ್ಯಾಸ ಏನಿಲ್ಲ. 2024ರ ಜುಲೈಯಲ್ಲಿ ಮಾತ್ರ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿತ್ತು.

ಜುಲೈ 16ರ ಬೆಳಗ್ಗೆ ಉತ್ತರ ಕನ್ನಡದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡೆ ಜರಿಯಿತು. ಜುಲೈ 30ರ ನಸುಕಿಗೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಭೂಕುಸಿತದಲ್ಲಿ ಕೊಚ್ಚಿಹೋದವು. ನಡುವೆ ಎರಡೇ ವಾರ. ಮೊದಲನೆಯದರಲ್ಲಿ ಕರ್ನಾಟಕ ಸರಕಾರ ಕಟಕಟೆಯಲ್ಲಿ ನಿಂತಿತ್ತು, ಪ್ರಶ್ನೆ ಕೇಳುತ್ತಿದ್ದುದು ಕೇರಳ. ಎರಡನೆಯದರಲ್ಲಿ ಕೇರಳ ಸರಕಾರವೇ ಕಟಕಟೆ ಹತ್ತಿತು, ಪ್ರಶ್ನೆ ಬಂದದ್ದು ದಿಲ್ಲಿಯಿಂದ. ಜುಲೈ ಮಧ್ಯದಲ್ಲಿ ಕೇರಳದ ಚಾನೆಲ್‌ಗಳಲ್ಲಿ "ಯಾಕೆ ಇಷ್ಟು ತಡ, ಯಾರು ಹೊಣೆ" ಎಂಬ ಕೂಗು. ತಿಂಗಳ ಕೊನೆಗೆ ಅದೇ ಕೇರಳದ ಸರಕಾರ "ಒಬ್ಬರನ್ನೊಬ್ಬರು ದೂರುವ ಹೊತ್ತು ಇದಲ್ಲ" ಎಂದಿತು. ಎರಡೂ ಮಾತನ್ನು ಒಂದೇ ಸೋಫಾದಲ್ಲಿ ಕೂತು ಕೇಳಿದವರು ನಾವು.

ಇದರಲ್ಲಿ ಯಾರು ಸುಳ್ಳು ಹೇಳಿದರು ಎಂದು ಹುಡುಕಿದರೆ ಜಾಸ್ತಿ ಏನೂ ಸಿಗುವುದಿಲ್ಲ. ಹೆಚ್ಚಿನವರು ನಿಜವನ್ನೇ ಹೇಳಿದ್ದರು. ಸಮಸ್ಯೆ ಇರುವುದು "ತಪ್ಪು ಯಾರದು" ಎಂಬ ಪ್ರಶ್ನೆಯಲ್ಲೇ. ಅದರ ಹೊಟ್ಟೆಯಲ್ಲಿ ಬೇರೆ ಬೇರೆ ಪ್ರಶ್ನೆಗಳಿವೆ. ಮುಂಚೆಯೇ ಹೇಳಿದ್ದರಾ? ಜನರನ್ನು ಎಬ್ಬಿಸಿ ಕಳಿಸಬೇಕಾದವರು ಯಾರು? ಗುಡ್ಡೆ ಕಡಿಯಲು, ಮನೆ ಕಟ್ಟಲು ಬಿಟ್ಟವರು ಯಾರು? ಈಗ ದುಡ್ಡು ಕೊಡಬೇಕಾದವರು ಯಾರು? ಒಂದೊಂದಕ್ಕೂ ಒಂದೊಂದು ಕಚೇರಿ, ಒಂದೊಂದು ಕಾಗದ. ರಾಜಕಾರಣಿ ತಾನು ಗೆಲ್ಲುವ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತಾನೆ. ಉಳಿದ ಪ್ರಶ್ನೆಗಳನ್ನು ಕೇಳದೆ ಚಾನೆಲ್ ಅವನನ್ನು ಹಾಗೇ ಬಿಟ್ಟುಬಿಡುತ್ತದೆ.

ಮೊದಲು ಶಿರೂರು. ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಗುಡ್ಡೆ ರಸ್ತೆಗೆ ಬಿತ್ತು. ಅಲ್ಲಿದ್ದ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ನಿಂತಿದ್ದ ವಾಹನಗಳು ಮಣ್ಣಿನ ಜೊತೆ ಗಂಗಾವಳಿ ನದಿಯ ಕಡೆಗೆ ಹೋದವು. ನದಿಗೆ ಬಿದ್ದ ಮಣ್ಣಿನ ಹೊಡೆತಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೂ ಬಡಿಯಿತು. ಒಟ್ಟು 11 ಮಂದಿ ಹೋದರು. ಅವರಲ್ಲಿ ಒಬ್ಬರು ಕಲ್ಲಿಕೋಟೆ ಕಡೆಯ ಲಾರಿ ಚಾಲಕ. ಮರದ ದಿಮ್ಮಿ ತುಂಬಿಕೊಂಡು ಊರಿಗೆ ಹೊರಟಿದ್ದವರು.

ಮೊದಲ ಎರಡು ಮೂರು ದಿನ ಇದು ಕರ್ನಾಟಕದ ಮಳೆಗಾಲದ ಇನ್ನೊಂದು ಸುದ್ದಿ ಅಷ್ಟೇ. ಚಾಲಕನ ಮನೆಯವರು ಮಾಧ್ಯಮದ ಮುಂದೆ ಬಂದ ಮೇಲೆ ಕೇರಳದ ಚಾನೆಲ್‌ಗಳು ಶಿರೂರಿಗೆ ಓಡಿದವು. ಅಲ್ಲಿಂದ ಮುಂದೆ ಮಲಯಾಳಂನಲ್ಲಿ ಇದು ಒಬ್ಬ ಮನುಷ್ಯನ ಕಥೆ. ಕನ್ನಡದಲ್ಲಿ ಹೆದ್ದಾರಿಯ ಕಥೆ. ಅಂಕೋಲೆಯವರಿಗೆ ಊರಿನ ಸಾವು. ಮೂರೂ ಸರಿಯೇ. ಆದರೆ ಮೊದಲನೆಯ ಕಥೆಗೆ ಖಳನಾಯಕ ಬೇಕಾಗುತ್ತಾನೆ, ಹತ್ತಿರದಲ್ಲಿ ಸಿಕ್ಕಿದ್ದು ಕರ್ನಾಟಕದ ಅಧಿಕಾರಿಗಳು.

ಲಾರಿಯ ಜಿಪಿಎಸ್ ಮಣ್ಣಿನಡಿಯ ಜಾಗ ತೋರಿಸುತ್ತಿದೆ, ಚಾಲಕನ ಫೋನ್ ರಿಂಗ್ ಆಗಿತ್ತು ಎಂಬ ಮಾತು ಹಬ್ಬಿತು. ಹಾಗಾದರೆ ಲಾರಿ ರಸ್ತೆಯ ಮೇಲಿನ ಮಣ್ಣಿನಲ್ಲೇ ಇರಬೇಕು, ಮನುಷ್ಯ ಬದುಕಿರಲೂಬಹುದು, ಇವರು ಬೇಕೆಂದೇ ಅಗೆಯುತ್ತಿಲ್ಲ ಎಂಬ ಕಡೆಗೆ ಚರ್ಚೆ ಹೋಯಿತು. ಸೇನೆ ಬಂತು. ರಸ್ತೆಯ ಮೇಲಿನ ಮಣ್ಣಿನಲ್ಲಿ ಲಾರಿ ಸಿಗಲಿಲ್ಲ. ಜುಲೈ 24ಕ್ಕೆ ಕಂದಾಯ ಸಚಿವ ಕೃಷ್ಣ ಬೈರೇಗೌಡರು ಲಾರಿ ನದಿಯಲ್ಲಿ ಪತ್ತೆಯಾಗಿದೆ ಎಂದರು. ನದಿಯಲ್ಲಿ ಸೆಳೆತ ಜೋರು, ಮುಳುಗುವವರಿಗೆ ಇಳಿಯಲು ಆಗುತ್ತಿರಲಿಲ್ಲ. ಕೊನೆಗೆ ಕರ್ನಾಟಕ ಸರಕಾರದ ಖರ್ಚಿನಲ್ಲಿ ಗೋವಾದಿಂದ ಹೂಳೆತ್ತುವ ಯಂತ್ರ, ಡ್ರೆಜ್ಜರ್, ಬಂತು. ಸೆಪ್ಟೆಂಬರ್ 25ಕ್ಕೆ ಗಂಗಾವಳಿಯಿಂದ ಲಾರಿ ಮೇಲೆತ್ತಿದರು. ಕ್ಯಾಬಿನ್ ಒಳಗೆ ಮೃತದೇಹ ಇತ್ತು.

ಈಗ ಹೇಳಿ, ಮಾಧ್ಯಮದ ಒತ್ತಡದಿಂದ ಒಳ್ಳೆಯದಾಯಿತಾ, ಕೆಟ್ಟದ್ದಾಯಿತಾ? ನನ್ನ ಪ್ರಕಾರ ಎರಡೂ. ಆ ಕೂಗು ಇಲ್ಲದಿದ್ದರೆ ಎರಡು ತಿಂಗಳು ಕಳೆದ ಮೇಲೆ ಯಾವ ಸರಕಾರವೂ ಡ್ರೆಜ್ಜರ್ ತರಿಸುತ್ತಿರಲಿಲ್ಲ. ಆದರೆ ಸ್ಟುಡಿಯೋದಲ್ಲಿ ಕೂತವರು ಎಲ್ಲಿ ಅಗೆಯಬೇಕು ಎಂದು ಹೇಳತೊಡಗಿದಾಗ ಕೆಲಸ ಮಾಡುವವರ ಗಮನ ಚೂರಾಯಿತು. ಇನ್ನೊಂದು ಮಾತು. ಸಿಗದೆ ಉಳಿದವರಲ್ಲಿ ಆ ಭಾಗದ ಇಬ್ಬರೂ ಇದ್ದರು. ಮಲಯಾಳಂ ಚಾನೆಲ್‌ಗಳಲ್ಲಿ ಅವರು "ಮತ್ತೆ ಇಬ್ಬರು". ಕನ್ನಡ ಚಾನೆಲ್‌ಗಳು ಅವರ ಮನೆಗೆ ಹೋದದ್ದೂ ಕಡಿಮೆಯೇ. ತಮ್ಮ ಊರಿನ ಸಾವಿಗೆ ಬೇರೆ ಭಾಷೆಯ ಕ್ಯಾಮೆರಾ ಬಂದ ಮೇಲೆ ಎಚ್ಚರವಾದ ಮಾಧ್ಯಮ ಅದು. ಕನ್ನಡಿಗನಾಗಿ ಹೇಳಲು ನಾಚಿಕೆ, ಆದರೂ ನಿಜ.

ನಮ್ಮ ಜಿಲ್ಲೆಯ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಹಲವು ದಿನ ಶಿರೂರಿನಲ್ಲೇ ಇದ್ದರು. 2021ರಲ್ಲಿ ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಂಡವರು. ಅಧಿಕಾರಿಗಳ ಜೊತೆ ಕನ್ನಡದಲ್ಲಿ ಮಾತಾಡಿ, ಚಾಲಕನ ಮನೆಯವರಿಗೆ ಮಲಯಾಳಂನಲ್ಲಿ ಹೇಳಬಲ್ಲವರು. ಕಾರವಾರದ ಶಾಸಕ ಸತೀಶ್ ಸೈಲ್ ಕೂಡ ಕೊನೆವರೆಗೆ ನಿಂತರು. ಪಕ್ಷ ಬೇರೆ, ರಾಜ್ಯ ಬೇರೆ. ಇಂಥದ್ದಕ್ಕೆ ಟಿವಿಯಲ್ಲಿ ಸಿಗುವ ಹೊತ್ತು ಕಡಿಮೆ, ಯಾಕೆಂದರೆ ಇದರಲ್ಲಿ ಜಗಳ ಇಲ್ಲ.

ಶಿರೂರಿನಲ್ಲಿ ನಿಜವಾಗಿ ಜಾರಿಹೋದ ಪ್ರಶ್ನೆ ಬೇರೆ. ಆ ಗುಡ್ಡೆಯ ಬುಡ ಕಡಿದದ್ದು ಹೇಗೆ, ಒಪ್ಪಿಗೆ ಕೊಟ್ಟವರು ಯಾರು? ರಾಷ್ಟ್ರೀಯ ಹೆದ್ದಾರಿ ಕೇಂದ್ರದ ಕೈಯಲ್ಲಿದೆ. ಕೆಲಸ ಗುತ್ತಿಗೆ ಕಂಪನಿಯದ್ದು. ಅಪಾಯದ ಜಾಗ ಎಂದು ಗುರುತಿಸಿ ವಾಹನ ತಡೆಯುವ ಅಧಿಕಾರ ಜಿಲ್ಲಾಡಳಿತದ್ದು. ರಾಜ್ಯ ಸರಕಾರ ಹೆದ್ದಾರಿಯವರ ಕಡೆ ಬೆರಳು ತೋರಿಸಿತು, ವಿರೋಧ ಪಕ್ಷ ರಾಜ್ಯದ ಕಡೆ. ಲಾರಿ ಹುಡುಕುವ ಗಲಾಟೆಯಲ್ಲಿ ಗುಡ್ಡೆ ಕಡಿದ ನಕ್ಷೆಯ ಮಾತು ಹಿಂದೆ ಬಿತ್ತು.

ವಯನಾಡಿನಲ್ಲಿ ಜಗಳ ಎದ್ದದ್ದು ಮುಂಚೆಯೇ ಹೇಳಿದ್ದರಾ ಎಂಬ ಮೊದಲ ಪ್ರಶ್ನೆಯ ಮೇಲೆ. ದುರಂತದ ಮರುದಿನ, ಜುಲೈ 31ರಂದು, ಗೃಹ ಸಚಿವ ಅಮಿತ್ ಶಾ ರಾಜ್ಯಸಭೆಯಲ್ಲಿ ಹೇಳಿದರು: ಜುಲೈ 23ರಿಂದಲೇ ಕೇರಳಕ್ಕೆ ಎಚ್ಚರಿಕೆ ಕೊಟ್ಟಿದ್ದೆವು, ಕೇಂದ್ರದ ವಿಪತ್ತು ರಕ್ಷಣಾ ಪಡೆ ಎನ್‌ಡಿಆರ್‌ಎಫ್‌ನ ತಂಡಗಳನ್ನು ಮುಂಚೆಯೇ ಕಳಿಸಿದ್ದೆವು, ರಾಜ್ಯ ಏನು ಮಾಡಿತು? ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅದೇ ದಿನ ತಿರುಗಿ ಹೇಳಿದರು: ಆ ದಿನ ಹವಾಮಾನ ಇಲಾಖೆ ಕೊಟ್ಟದ್ದು ಆರೆಂಜ್ ಅಲರ್ಟ್ ಮಾತ್ರ, 115ರಿಂದ 204 ಮಿ.ಮೀ. ಮಳೆ ಎಂದಿತ್ತು, ಬಂದದ್ದು 48 ಗಂಟೆಗೆ 572 ಮಿ.ಮೀ., ರೆಡ್ ಅಲರ್ಟ್ ಬಂದದ್ದು ಗುಡ್ಡೆ ಜರಿದ ಮೇಲೆ ಬೆಳಗ್ಗೆ ಆರಕ್ಕೆ. ಭೂಕುಸಿತದ ಬಗ್ಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಕೊಟ್ಟದ್ದು ಹಸಿರು ಬಣ್ಣ, ಅಂದರೆ ಅಪಾಯ ಕಡಿಮೆ, ಎಂದೂ ಹೇಳಿದರು.

ಇಬ್ಬರ ಮಾತೂ ಸುಳ್ಳೆನಿಸುವುದಿಲ್ಲ ಅಲ್ವಾ? ಒಬ್ಬರು ಇಡೀ ರಾಜ್ಯಕ್ಕೆ ದಿನಗಳ ಮುಂಚೆ ಹೋಗುವ ಮಳೆ ಮುನ್ಸೂಚನೆಯ ಬಗ್ಗೆ ಹೇಳುತ್ತಿದ್ದಾರೆ. ಇನ್ನೊಬ್ಬರು ಆ ದಿನದ, ಆ ಜಿಲ್ಲೆಯ ಬಣ್ಣದ ಬಗ್ಗೆ. ಇದು ಅರ್ಥ ಆಗಬೇಕಾದರೆ ಬಣ್ಣದ ಲೆಕ್ಕ ಗೊತ್ತಿರಬೇಕು. 24 ಗಂಟೆಯಲ್ಲಿ 64.5 ಮಿ.ಮೀ. ತಲುಪಿದರೆ ಇಲಾಖೆ ಅದನ್ನು ಭಾರೀ ಮಳೆ ಎನ್ನುತ್ತದೆ. 115.6 ತಲುಪಿದರೆ ಅತಿ ಭಾರೀ. 204.4 ದಾಟಿದರೆ ಅದಕ್ಕಿಂತಲೂ ಮೇಲಿನದು. ನಾವು ಯೆಲ್ಲೋ, ಆರೆಂಜ್, ರೆಡ್ ಎಂದು ಕೇಳುವುದು ಹೆಚ್ಚು ಕಡಿಮೆ ಈ ಮೂರು ಮೆಟ್ಟಿಲುಗಳನ್ನೇ. ಆದರೆ ಬಣ್ಣ ಹೇಳುವುದು ಮಳೆ ಎಷ್ಟು ಎಂದಲ್ಲ, ಏನು ಮಾಡಬೇಕು ಎಂದು. ಯೆಲ್ಲೋ ಅಂದರೆ ಗಮನ ಇರಲಿ. ಆರೆಂಜ್ ಅಂದರೆ ತಯಾರಾಗಿ ನಿಲ್ಲಿ. ರೆಡ್ ಅಂದರೆ ಕೆಲಸಕ್ಕಿಳಿಯಿರಿ. ಆರೆಂಜ್ ಬಂದ ಮೇಲೂ ರೆಡ್‌ಗಾಗಿ ಕಾಯುತ್ತ ಕೂರಬಾರದು ಎಂದು ಹವಾಮಾನ ಇಲಾಖೆಯ ಮುಖ್ಯಸ್ಥ ಮೃತ್ಯುಂಜಯ ಮಹಾಪಾತ್ರ ಆಗಲೇ ಹೇಳಿದ್ದರು. ಕೇರಳದ ವಾದದ ದುರ್ಬಲ ಜಾಗ ಇದೇ.

ಕೇಂದ್ರದ ವಾದದ ದುರ್ಬಲ ಜಾಗವೂ ಇದೆ. ಇಡೀ ಜಿಲ್ಲೆಗೆ ಒಂದು ಬಣ್ಣ ಕೊಟ್ಟರೆ ಯಾವ ಗುಡ್ಡೆಯ ಕೆಳಗಿನವರು ಏಳಬೇಕು ಎಂದು ಗೊತ್ತಾಗುವುದಿಲ್ಲ. ಮಳೆಯ ಎಚ್ಚರಿಕೆ ಬೇರೆ, ಭೂಕುಸಿತದ ಎಚ್ಚರಿಕೆ ಬೇರೆ. ಭೂಕುಸಿತದ ಮುನ್ಸೂಚನೆ ಇನ್ನೂ ಕಣ್ಣು ಬಿಡುತ್ತಿರುವ ವಿದ್ಯೆ. ಅದರ ಮೇಲೆ "ನಾವು ಹೇಳಿದ್ದೆವು" ಎಂದು ಎದೆ ತಟ್ಟುವುದು ಕಷ್ಟ. ಶಾ ಸದನಕ್ಕೆ ತಪ್ಪು ಮಾಹಿತಿ ಕೊಟ್ಟರು ಎಂದು ಕಾಂಗ್ರೆಸ್‌ನವರು ರಾಜ್ಯಸಭೆಯಲ್ಲಿ ಹಕ್ಕುಚ್ಯುತಿ ನೋಟಿಸ್ ಕೊಟ್ಟರು. ಅಲ್ಲಿಗೆ ಮಾತು ಪೂರ್ತಿ ಪಕ್ಷಗಳ ಕೈಗೆ ಹೋಯಿತು.

ಈ ಇಬ್ಬರ ಜಗಳದಲ್ಲಿ ಮೂರನೆಯ ಒಂದು ಸಂಗತಿ ಮುಚ್ಚಿಹೋಯಿತು. ಕಲ್ಪೆಟ್ಟದಲ್ಲಿ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ಇದೆ. ವಯನಾಡಿನ ಉದ್ದಗಲಕ್ಕೂ ಇನ್ನೂರರಷ್ಟು ಮಳೆಮಾಪಕಗಳ ಜಾಲ ಕಟ್ಟಿಕೊಂಡು ಸ್ಥಳೀಯರಿಂದ ದಿನಾ ಲೆಕ್ಕ ತರಿಸುತ್ತದೆ. ಎರಡು ದಿನದಲ್ಲಿ 600 ಮಿ.ಮೀ. ಸುತ್ತ ಬಿದ್ದರೆ ಇಂಥ ಇಳಿಜಾರು ತಡೆಯುವುದಿಲ್ಲ ಎಂಬುದು ಅವರ ಅಂದಾಜು. ಜುಲೈ 29ರ ಬೆಳಗ್ಗೆಯೇ, ಅಂದರೆ ಸುಮಾರು 16 ಗಂಟೆ ಮುಂಚೆ, ಅವರು ಜಿಲ್ಲಾಡಳಿತಕ್ಕೆ ಎಚ್ಚರಿಕೆ ಕೊಟ್ಟಿದ್ದರು. ಇದು ದಿಲ್ಲಿಯ ಕಾಗದವೂ ಅಲ್ಲ, ತಿರುವನಂತಪುರದ ಬಣ್ಣವೂ ಅಲ್ಲ. ಜಿಲ್ಲೆಯೊಳಗಿನ ಮಾತು. ಹಾಗಾಗಿ ಕೇಳಬೇಕಾದ ಪ್ರಶ್ನೆಯೂ ಜಿಲ್ಲೆಯೊಳಗಿನದ್ದು: ಆ ಎಚ್ಚರಿಕೆ ಯಾರ ಮೇಜಿಗೆ ಹೋಯಿತು, ಸಂಜೆಯೊಳಗೆ ಏನಾಯಿತು? 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಜಿಲ್ಲಾ ಪ್ರಾಧಿಕಾರಕ್ಕೆ ಕಲೆಕ್ಟರ್ ಅಧ್ಯಕ್ಷರು, ಚುನಾಯಿತ ಜಿಲ್ಲಾ ಪಂಚಾಯತ್ ಅಧ್ಯಕ್ಷರು ಸಹ ಅಧ್ಯಕ್ಷರು. ರಾಜ್ಯ ಪ್ರಾಧಿಕಾರಕ್ಕೆ ಮುಖ್ಯಮಂತ್ರಿ, ರಾಷ್ಟ್ರೀಯ ಪ್ರಾಧಿಕಾರಕ್ಕೆ ಪ್ರಧಾನಿ. ಜನರನ್ನು ಮನೆಯಿಂದ ಎಬ್ಬಿಸುವ ಆದೇಶ ಬರುವುದು ಕೆಳಗಿನ ಮೆಟ್ಟಿಲಿಂದ. ಟಿವಿ ಚರ್ಚೆ ನಡೆದದ್ದು ಪೂರ್ತಿ ಮೇಲಿನ ಮೆಟ್ಟಿಲಲ್ಲಿ.

ಆ ಜಾಗಕ್ಕೆ ಇದು ಹೊಸದೂ ಅಲ್ಲ. 1984ರಲ್ಲಿ ಮುಂಡಕ್ಕೈಯಲ್ಲೇ ಗುಡ್ಡೆ ಜರಿದು 14 ಮಂದಿ ಸತ್ತಿದ್ದರು. 2019ರ ಆಗಸ್ಟ್‌ನಲ್ಲಿ ಪಕ್ಕದ ಪುತ್ತುಮಲದಲ್ಲಿ 17 ಮಂದಿ.

ಮೂರನೆಯ ಪ್ರಶ್ನೆ, ಕಟ್ಟಲು ಬಿಟ್ಟವರು ಯಾರು ಎಂಬುದು, ಎಲ್ಲರಿಗೂ ಇರುಸುಮುರುಸು. ಕೇಂದ್ರ ಪರಿಸರ ಸಚಿವ ಭೂಪೇಂದರ್ ಯಾದವ್ ಅಕ್ರಮ ವಸತಿ, ಅಕ್ರಮ ಗಣಿಗಾರಿಕೆ ಎಂದು ಕೇರಳವನ್ನು ದೂರಿದರು. ಪಶ್ಚಿಮ ಘಟ್ಟದ ಸೂಕ್ಷ್ಮ ಜಾಗಗಳಲ್ಲಿ ಗಣಿ, ಕಟ್ಟಡಕ್ಕೆ ಕಡಿವಾಣ ಹಾಕಬೇಕು ಎಂದು ಮಾಧವ ಗಾಡ್ಗೀಳ್ ಸಮಿತಿ 2011ರಲ್ಲೇ ವರದಿ ಕೊಟ್ಟಿತ್ತು. ಅದನ್ನು ಮೆತ್ತಗೆ ಮಾಡಲು 2013ರಲ್ಲಿ ಕಸ್ತೂರಿರಂಗನ್ ವರದಿ ಬಂತು. ಅದಕ್ಕೂ ಕೇರಳದ ಗುಡ್ಡಗಾಡಿನಲ್ಲಿ ಹರತಾಳ. ಆ ಸೂಕ್ಷ್ಮ ವಲಯ ಗುರುತಿಸಲು ಕೇಂದ್ರ ಕರಡು ಅಧಿಸೂಚನೆಯ ಮೇಲೆ ಕರಡು ಹೊರಡಿಸುತ್ತ ಬಂತು. ಆರನೆಯ ಕರಡು ಬಂದದ್ದು 2024ರ ಜುಲೈ 31ಕ್ಕೆ, ದುರಂತದ ಮರುದಿನ. ಎರಡು ತಿಂಗಳಾಗುವ ಮೊದಲೇ ಕರ್ನಾಟಕದ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಕೇಂದ್ರ, ಕೇರಳ, ಕರ್ನಾಟಕ, ಮೂರೂ ಕಡೆ ಬೇರೆ ಬೇರೆ ಪಕ್ಷ ಇದ್ದವು. ಘಟ್ಟದ ವಿಷಯದಲ್ಲಿ ಮಾತ್ರ ಎಂಥಾ ಒಗ್ಗಟ್ಟು ನೋಡಿ.

ಇನ್ನು ದುಡ್ಡು. ಜಾಸ್ತಿ ಗೊಂದಲ ಇರುವುದು ಇಲ್ಲೇ. "ರಾಷ್ಟ್ರೀಯ ವಿಪತ್ತು ಎಂದು ಘೋಷಿಸಿ" ಎಂಬ ಬೇಡಿಕೆ ಪ್ರತಿ ಸಲ ಏಳುತ್ತದೆ. ಕೇರಳದಲ್ಲಿ ಎಡಪಕ್ಷ ಕೇಳುತ್ತದೆ, ಕರ್ನಾಟಕದಲ್ಲಿ ಕಾಂಗ್ರೆಸ್ ಕೇಳುತ್ತದೆ, ಬೇರೆ ಕಡೆ ವಿರೋಧದಲ್ಲಿದ್ದಾಗ ಬಿಜೆಪಿಯೂ ಕೇಳಿದ್ದುಂಟು. ಈಗಿನ ಮಾರ್ಗಸೂಚಿಯಲ್ಲಿ ಹಾಗೊಂದು ಘೋಷಣೆಯೇ ಇಲ್ಲ ಎಂದು ಕೇಂದ್ರ 2024ರ ನವೆಂಬರ್‌ನಲ್ಲಿ ಕೇರಳಕ್ಕೆ ಬರೆದು ತಿಳಿಸಿತು. ಇರುವುದು "ತೀವ್ರ ಸ್ವರೂಪದ ವಿಪತ್ತು" ಎಂಬ ಪಟ್ಟ. ವಯನಾಡಿಗೆ ಅದು ಸಿಕ್ಕಿದ್ದು ಡಿಸೆಂಬರ್ ಕೊನೆಗೆ. ಇದರಿಂದ ದೇಶದ ಯಾವ ಸಂಸದರೂ ತಮ್ಮ ಕ್ಷೇತ್ರ ನಿಧಿಯಿಂದ ಒಂದು ಕೋಟಿಯವರೆಗೆ ಕೊಡಬಹುದು. ಬಾಗಿಲು ತೆರೆಯುತ್ತದೆ, ಹಣ ತಾನಾಗಿ ಸುರಿಯುವುದಿಲ್ಲ.

ಮಾಮೂಲಿ ಹಣ ಬರುವುದು ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ. ಕೇರಳ, ಕರ್ನಾಟಕದಂಥ ರಾಜ್ಯಗಳಿಗೆ ಕೇಂದ್ರದ ಪಾಲು ಶೇ. 75, ರಾಜ್ಯದ್ದು ಶೇ. 25. 2024–25ಕ್ಕೆ ಕೇರಳದ ನಿಧಿ 388 ಕೋಟಿ, ಅದರಲ್ಲಿ ಕೇಂದ್ರದ ಪಾಲು 291.20 ಕೋಟಿ. ದುರಂತ ಆಗಲಿ ಬಿಡಲಿ, ಇದು ಮೊದಲೇ ನಿಗದಿಯಾದ ಹಣ. ಹಾಗಾಗಿ ಕೇಂದ್ರ "ನಾವು ಕೊಟ್ಟಿದ್ದೇವೆ, ನಿಮ್ಮ ಖಾತೆಯಲ್ಲಿ ಇದೆ" ಎನ್ನುತ್ತದೆ. ರಾಜ್ಯ "ಅದು ಎಲ್ಲ ವಿಪತ್ತಿಗೂ ಇರುವ ಹಣ, ವಯನಾಡಿಗೆಂದು ಏನು ಕೊಟ್ಟಿರಿ" ಎನ್ನುತ್ತದೆ. 2025ರ ಫೆಬ್ರವರಿಯಲ್ಲಿ ಕೇಂದ್ರ 529.50 ಕೋಟಿ ಮಂಜೂರು ಮಾಡಿತು. ಬಡ್ಡಿ ಇಲ್ಲ, ತೀರಿಸಲು 50 ವರ್ಷ, ಆದರೆ ಸಾಲ. ಖರ್ಚು ತೋರಿಸಲು ಮಾರ್ಚ್ 31ರ ಗಡುವು. ಒಂದು ಕಡೆಯ ಪೇಪರ್ "529 ಕೋಟಿ ನೆರವು" ಎಂದರೆ ಇನ್ನೊಂದು "ನೆರವಲ್ಲ, ಸಾಲ" ಎಂದಿತು.

ನಿಧಿಯ ಆಗಿನ ದರಪಟ್ಟಿಯೂ ಗೊತ್ತಿರಲಿ. ಸಾವಿಗೆ ನಾಲ್ಕು ಲಕ್ಷ. ಗುಡ್ಡಗಾಡಿನಲ್ಲಿ ಮನೆ ಪೂರ್ತಿ ಹೋದರೆ 1.30 ಲಕ್ಷ. ಈ ದುಡ್ಡಲ್ಲಿ ಮನೆಗೆ ಪಂಚಾಂಗ (ತಳಪಾಯ) ಹಾಕಿದರೆ ಮುಗಿಯಿತು. ಅದಕ್ಕೇ ರಾಜ್ಯಗಳು ಕೇಂದ್ರಕ್ಕೆ ಮನವಿ ಬರೆಯುವಾಗ ಬೇರೆ ಬೇರೆ ತಲೆಬರಹದಲ್ಲಿ ಅಂದಾಜು ಏರಿಸಿ ಹಾಕುತ್ತವೆ. ಎಲ್ಲ ರಾಜ್ಯಗಳದ್ದೂ ಇದೇ ಪದ್ಧತಿ. ವಯನಾಡಿನ ಮನವಿಯಲ್ಲಿ ಒಂದು ಶವಸಂಸ್ಕಾರಕ್ಕೆ 75,000 ರೂಪಾಯಿ, ಬಟ್ಟೆಬರೆಗೆ 11 ಕೋಟಿ ಎಂದಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಈ ಕಾಗದ ಹೊರಬಂದಾಗ ಹಲವು ಮಲಯಾಳಂ ಚಾನೆಲ್‌ಗಳು ಅದನ್ನು ಸರಕಾರ ಮಾಡಿದ ಖರ್ಚು ಎಂದೇ ಓದಿದವು. ಸ್ವಯಂಸೇವಕರು ಬಿಟ್ಟಿ ಮಾಡಿದ ಕೆಲಸಕ್ಕೆ ಇಷ್ಟು ಬಿಲ್ಲೇ ಎಂದು ಜನ ಕೆರಳಿದರು. ಅದು ಅಂದಾಜು, ಖರ್ಚಲ್ಲ ಎಂದು ಸರಕಾರ ಹೇಳುವಷ್ಟರಲ್ಲಿ ಸುದ್ದಿ ಎಲ್ಲ ಫೋನ್‌ಗಳಿಗೂ ಹೋಗಿ ಆಗಿತ್ತು. ಸರಕಾರ ಅಂದಾಜನ್ನು ಹೀಗೆ ಏರಿಸಿದ್ದು ಸರಿಯೇ ಎಂಬುದು ಒಳ್ಳೆಯ ಪ್ರಶ್ನೆ. ಆದರೆ ಅದನ್ನು ಕೇಳಲು ಯಾರಿಗೂ ಅವಕಾಶ ಉಳಿಯಲಿಲ್ಲ. ತಪ್ಪು ಸುದ್ದಿ ಸರಕಾರಕ್ಕೆ ಒಳ್ಳೆಯ ಕೊಡೆ ಆಯಿತು.

ಚಾನೆಲ್‌ಗಳು ಹೀಗೇಕೆ? ದ್ವೇಷ, ಪಕ್ಷ, ಮಾಲೀಕ ಎಲ್ಲ ಇರಬಹುದು. ಅದಕ್ಕಿಂತ ದೊಡ್ಡ ಕಾರಣ ಸರಳ: ದಿನಕ್ಕೆ 24 ಗಂಟೆ ತುಂಬಬೇಕು. ಇಳಿಜಾರಿನ ನಕ್ಷೆ ಓದಲು ಒಬ್ಬ ವರದಿಗಾರನಿಗೆ ವಾರ ಬೇಕು. ಇಬ್ಬರು ವಕ್ತಾರರನ್ನು ಕೂರಿಸಿ ಜಗಳ ಆಡಿಸಲು ಎರಡು ಫೋನ್ ಸಾಕು. 2018ರ ಆಗಸ್ಟ್‌ನಲ್ಲಿ ಕೇರಳ ಮುಳುಗಿದ್ದ ದಿನಗಳಲ್ಲೇ ಕೊಡಗಿನ ಗುಡ್ಡೆಗಳೂ ಜರಿದಿದ್ದವು. ಅಲ್ಲಿಂದ ಇಡೀ ದೇಶ ನೋಡಿದ್ದು ಏನು? ಆಗಿನ ರಕ್ಷಣಾ ಸಚಿವೆ ನಿರ್ಮಲಾ ಸೀತಾರಾಮನ್ ಮತ್ತು ಉಸ್ತುವಾರಿ ಸಚಿವ ಸಾ.ರಾ. ಮಹೇಶ್ ನಡುವಿನ ಮಾತಿನ ಚಕಮಕಿ. ಹಾಸನದ ಕಡೆ ಸಚಿವ ರೇವಣ್ಣ ಸಂತ್ರಸ್ತರಿಗೆ ಬಿಸ್ಕತ್ತು ಎಸೆದ ವಿಡಿಯೋ. ಮನೆ ಕಳೆದುಕೊಂಡವರು ಎಲ್ಲಿ ಹೋದರು ಎಂಬುದು ಕೊಡಗಿನವರಿಗೆ ಮಾತ್ರ ಗೊತ್ತು.

ಕಾಸರಗೋಡಿನ ಪಾಡು ಇನ್ನೂ ಸೂಕ್ಷ್ಮ. ನಮ್ಮ ಮಳೆಯ ಬಣ್ಣ ಬರುವುದು ತಿರುವನಂತಪುರದ ಹವಾಮಾನ ಕೇಂದ್ರದಿಂದ. ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದರೆ ಬೆಂಗಳೂರಿನಿಂದ. ಅಲ್ಲಿ ಡಿಸಿ ರಜೆ ಕೊಡುತ್ತಾರೆ, ಇಲ್ಲಿ ಕಲೆಕ್ಟರ್ ಕೊಡುತ್ತಾರೆ ಅಥವಾ ಕೊಡುವುದಿಲ್ಲ. ಮೋಡಕ್ಕೆ ತಲಪಾಡಿಯ ಗಡಿ ಇಲ್ಲ. ಚಂದ್ರಗಿರಿ ಹೊಳೆಗೆ ನೀರು ಬರುವುದು ಪಯಸ್ವಿನಿಯಿಂದ, ಕೊಡಗು, ಸುಳ್ಯದ ಕಡೆಯಿಂದ. ಅಲ್ಲಿ ಜಾಸ್ತಿ ಬಿದ್ದರೆ ಇಲ್ಲಿ ತೋಟಕ್ಕೆ ನೀರು ನುಗ್ಗುತ್ತದೆ. ಅಂದರೆ ನಮಗೆ ಬೇಕಾದ ಅರ್ಧ ಮಾಹಿತಿ ಇನ್ನೊಂದು ರಾಜ್ಯದ ಪೇಪರಿನಲ್ಲಿದೆ. ಎರಡು ಭಾಷೆ ಓದುವುದು ಇಲ್ಲಿ ಶೋಕಿ ಅಲ್ಲ.

ಶಿರೂರಿನ ಹೆದ್ದಾರಿಯೇ ನಮ್ಮ ಜಿಲ್ಲೆಯನ್ನೂ ಉದ್ದಕ್ಕೆ ಸೀಳಿಕೊಂಡು ಹೋಗುತ್ತದೆ. ಆರು ಪಥ ಆಗುವಾಗ ಮಾಡಿದ ಕೆಲಸವೂ ಅದೇ, ಗುಡ್ಡೆ ಕಡಿಯುವುದು. 2025ರ ಮೇಯಲ್ಲಿ ಚೆರುವತ್ತೂರಿನ ಮಟ್ಟಲಾಯಿಯಲ್ಲಿ ಕೆಲಸದ ವೇಳೆ ಮಣ್ಣು ಕುಸಿದು ಕಾರ್ಮಿಕರೊಬ್ಬರು ಸತ್ತರು. ಜುಲೈಯಲ್ಲಿ ಅಲ್ಲೇ ಹತ್ತಿರದ ವೀರಮಲೆ ಹೆದ್ದಾರಿಗೆ ಜರಿಯಿತು. ಮೇಯಲ್ಲೇ ಮಲಪ್ಪುರಂನ ಕೂರಿಯಾಡಿನಲ್ಲಿ ಹೊಸ ರಸ್ತೆಯೇ ಕುಸಿದುಬಿತ್ತು. ಭೂಸ್ವಾಧೀನದ ಕಾಲುಭಾಗ ಖರ್ಚು ಕೊಟ್ಟವರು ನಾವೇ ಎಂದು ಕೇರಳ ಸರಕಾರ ಅಲ್ಲಿಯವರೆಗೆ ಹೆಮ್ಮೆಯಿಂದ ಹೇಳುತ್ತಿತ್ತು, ಅದು ನಿಜವೂ ಹೌದು. ಕುಸಿದ ದಿನದಿಂದ ರಸ್ತೆ ಪೂರ್ತಿ ಕೇಂದ್ರದ್ದಾಯಿತು. ಕಾಂಗ್ರೆಸ್ ನೇತೃತ್ವದ ಯುಡಿಎಫ್‌ಗೆ ಇಬ್ಬರೂ ಬೇಕಾದರು ಬೈಯಲು. ಬಿಜೆಪಿ ಗುತ್ತಿಗೆದಾರನ ಹೆಸರು ಹೇಳಿತು.

ವಯನಾಡಿನಲ್ಲಿ ಸತ್ತ ಮೇಲೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಈಗಲೇ ಕೇಳಬಹುದು. ಯಾವ ಯಾವ ಬರೆಯನ್ನು (ಗುಡ್ಡೆ ಕಡಿದ ಇಳಿಜಾರನ್ನು) ಅಪಾಯ ಎಂದು ಗುರುತಿಸಿದ್ದಾರೆ? ಎಷ್ಟು ಕೋನದಲ್ಲಿ ಕಡಿಯಲು ಒಪ್ಪಿಗೆ ಇತ್ತು, ಎಷ್ಟರಲ್ಲಿ ಕಡಿದಿದ್ದಾರೆ? ಎಷ್ಟು ಮಳೆ ಬಿದ್ದರೆ ರಸ್ತೆ ಮುಚ್ಚಬೇಕು ಎಂಬ ಲೆಕ್ಕ ಇದೆಯಾ? ಕೆಳಗಿನ ಮನೆಗಳ ಪಟ್ಟಿ ಪಂಚಾಯತಿನಲ್ಲಿ ಇದೆಯಾ? ಮಾಹಿತಿ ಹಕ್ಕಿನಲ್ಲಿ ಅರ್ಜಿ ಎರಡು ಕಡೆ ಹಾಕಬೇಕು, ಯಾಕೆಂದರೆ ಹೆದ್ದಾರಿ ಪ್ರಾಧಿಕಾರ ಕೇಂದ್ರದ್ದು, ಕಲೆಕ್ಟರೇಟ್ ರಾಜ್ಯದ್ದು. ಶುಲ್ಕ ತಲಾ ಹತ್ತು ರೂಪಾಯಿ, ಉತ್ತರಕ್ಕೆ 30 ದಿನ. ಕಲೆಕ್ಟರೇಟಿಗೆ ಮಲಯಾಳಂನಲ್ಲೇ ಬರೆಯಬೇಕೆಂದೇನಿಲ್ಲ. 1969ರ ಕೇರಳ ರಾಜಭಾಷಾ ಕಾಯ್ದೆ ಕಾಸರಗೋಡಿನ ಕನ್ನಡಿಗರಿಗೆ ಸರಕಾರದ ಜೊತೆ ಕನ್ನಡದಲ್ಲೇ ವ್ಯವಹರಿಸಲು ಅವಕಾಶ ಕೊಟ್ಟಿದೆ, ಉತ್ತರವೂ ಕನ್ನಡದಲ್ಲೇ ಬರಬೇಕು.